ಪ್ರಾಚೀನ ವೈದ್ಯದಲ್ಲಿ ಏನು ಬದಲಾಯಿತು, ಏನು ಉಳಿಯಿತು: ಹೋಲಿಸಿ ನೋಡುವುದು ಹೇಗೆ?

"ಮೊದಲು ಮಂತ್ರ ಇತ್ತು, ಗ್ರೀಕರು ಬಂದರು, ವಿಜ್ಞಾನ ಶುರುವಾಯಿತು." ಈ ವಿಷಯದ ಬಗ್ಗೆ ಬರೆಯುವವರಲ್ಲಿ ಹೀಗೆ ಒಂದೇ ಏಟಿಗೆ ಮುಗಿಸುವವರೇ ಜಾಸ್ತಿ. ಹಾಗೆ ಮಾಡಬೇಡಿ.

ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ಕಾಯಿಲೆ ಯಾಕೆ ಬರುತ್ತದೆ ಅಂದುಕೊಂಡಿದ್ದರು? ಬಂದಾಗ ಏನು ಮಾಡುತ್ತಿದ್ದರು? ಯಾರು ಮಾಡುತ್ತಿದ್ದರು? ಪ್ರತಿ ನಾಗರಿಕತೆಗೂ ಇದೇ ಮೂರು ಪ್ರಶ್ನೆ ಕೇಳಿ. ಮೊದಲ ಕಾಲಂ ಕಾಲದಿಂದ ಕಾಲಕ್ಕೆ ತುಂಬಾ ಬದಲಾಗುತ್ತದೆ, ಎರಡನೆಯದು ಅಷ್ಟಾಗಿ ಅಲುಗಾಡುವುದೇ ಇಲ್ಲ. ಇಡೀ ವಿಷಯದ ಸ್ವಾರಸ್ಯ ಇರುವುದೇ ಅಲ್ಲಿ.

ಈಜಿಪ್ಟಿನಿಂದ ಶುರು ಮಾಡಿ. ಅವರ ಪ್ರಕಾರ ಮೈಯೊಳಗೆ ನೈಲ್ ನದಿಯ ಕಾಲುವೆಗಳಂತೆ ನಾಳಗಳಿವೆ, ಅವು ಕಟ್ಟಿಕೊಂಡರೆ ಕಾಯಿಲೆ. ಅದಕ್ಕೇ ತಿಂಗಳಿಗೆ ಮೂರು ದಿನ ಹೊಟ್ಟೆ ತೊಳೆದುಕೊಳ್ಳುತ್ತಿದ್ದರು ಅಂತ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಈಗ ಗ್ರೀಸಿಗೆ ಬನ್ನಿ. ಅಲ್ಲಿ ಕಾಲುವೆಯ ಮಾತಿಲ್ಲ. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಅಂತ ನಾಲ್ಕು ರಸ, ಅವುಗಳ ಹದ ತಪ್ಪಿದರೆ ಕಾಯಿಲೆ. ಸರಿ, ಮದ್ದೇನು? ಭೇದಿ ಮಾಡಿಸು, ವಾಂತಿ ಮಾಡಿಸು, ರಕ್ತ ತೆಗೆ. ಕಾರಣ ಪೂರ್ತಿ ಬೇರೆ, ಆದರೂ ರೋಗಿ ಓಡಬೇಕಾದದ್ದು ಅದೇ ಕಡೆಗೆ!

ಮುಂದಿನ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುವುದು. ಹೊಸದು ಬಂತು ಅಂತ ಹಳೆಯದನ್ನು ಸುಮ್ನೆ ಹೊಡೆದುಹಾಕಬೇಡಿ. ಗ್ರೀಕ್ ವೈದ್ಯ ಹಿಪೊಕ್ರೇಟಿಸ್‌ನ ಹೆಸರಿನಲ್ಲಿ ಉಳಿದಿರುವ ಬರಹವೊಂದು, ಮೂರ್ಛೆರೋಗ ಬೇರೆ ಕಾಯಿಲೆಗಳಿಗಿಂತ ಹೆಚ್ಚು ದೈವಿಕವೇನಲ್ಲ ಅಂತ ಖಡಾಖಂಡಿತವಾಗಿ ಹೇಳುತ್ತದೆ. ಅದೇ ಗ್ರೀಸಿನ ಎಪಿಡಾರಸ್‌ನಲ್ಲಿ ಜನ ಅಸ್ಕ್ಲೀಪಿಯಸ್ ದೇವರ ಗುಡಿಗೆ ಹೋಗಿ, ಕನಸಿನಲ್ಲಿ ದೇವರು ಬಂದು ವಾಸಿ ಮಾಡುತ್ತಾನೆ ಅಂತ ಮಲಗುತ್ತಿದ್ದರು. ಬ್ಯಾಬಿಲೋನ್‌ನಲ್ಲಿ ಮದ್ದು ಕೊಡುವವನು ಆಸು, ಮಂತ್ರ ಹಾಕುವವನು ಆಶಿಪು, ಇಬ್ಬರಿಗೂ ಕೆಲಸವಿತ್ತು. ನಮ್ಮ ಚರಕ ಸಂಹಿತೆಯೂ ದೈವವನ್ನು ನಂಬಿ ಮಾಡುವ ಚಿಕಿತ್ಸೆ, ಯುಕ್ತಿಯಿಂದ ಮಾಡುವ ಚಿಕಿತ್ಸೆ ಎರಡನ್ನೂ ಅಕ್ಕಪಕ್ಕದಲ್ಲೇ ಇಟ್ಟಿದೆ. ಹಾಗಾಗಿ "ಯಾವಾಗ ನಿಂತಿತು" ಅಂತ ಕೇಳುವುದಕ್ಕಿಂತ "ಜೊತೆಗೆ ಏನು ಸೇರಿತು" ಅಂತ ಕೇಳಿ.

ಮೂರನೇ ಕಾಲಂನಲ್ಲಿ ರೋಮ್ ಎದ್ದು ಕಾಣುತ್ತದೆ. ಕ್ರಿ.ಪೂ. 312ರಲ್ಲೇ ಊರಿಗೆ ನೀರು ತರುವ ಕಾಲುವೆ ಕಟ್ಟಲು ಶುರು ಮಾಡಿದರು, ಆಮೇಲೆ ಸೈನಿಕರಿಗೆ ಆಸ್ಪತ್ರೆಗಳೂ ಬಂದವು. ಇಲ್ಲಿ ಕೆಲಸ ಮಾಡಿದ್ದು ವೈದ್ಯರಿಗಿಂತ ಸರ್ಕಾರ.

ಕೊನೆಗೆ, ಒಂದೇ ಒಂದು ಅಂಗ ಹಿಡಿದು ಕಾಲದುದ್ದಕ್ಕೂ ಅದರ ಬೆನ್ನುಹತ್ತಿ. ನನ್ನ ಆಯ್ಕೆ ದವಡೆ. ಸುಮಾರು ಕ್ರಿ.ಪೂ. 1600ರ, ಈಜಿಪ್ಟಿನ ವೈದ್ಯಕೀಯ ಹಸ್ತಪ್ರತಿಯಾದ ಎಡ್ವಿನ್ ಸ್ಮಿತ್ ಪಪೈರಸ್‌ನಲ್ಲಿ 48 ಪ್ರಕರಣಗಳಿವೆ, ಬಹುತೇಕ ಗಾಯ, ಮೂಳೆ ಮುರಿತಗಳು. ಅದರಲ್ಲಿ 25ನೆಯದು ಕೆಳದವಡೆ ಜಾರಿ ಬಾಯಿ ಮುಚ್ಚಲಾಗದ ರೋಗಿಯದು. ಎರಡೂ ಹೆಬ್ಬೆರಳು ಬಾಯೊಳಗೆ ದವಡೆಯ ತುದಿಗಳ ಮೇಲಿಡು, ಉಳಿದ ಬೆರಳು ಗಲ್ಲದ ಕೆಳಗೆ ಹಿಡಿ, ಹಿಂದಕ್ಕೆ ತಳ್ಳಿ ಕೂರಿಸು, ಆಮೇಲೆ ವಾಸಿಯಾಗುವವರೆಗೆ ಜೇನುತುಪ್ಪ ಹಚ್ಚಿ ಕಟ್ಟು ಅನ್ನುತ್ತದೆ ಅದು. ದವಡೆ ಕೂರಿಸಲು ಇವತ್ತಿನ ಡಾಕ್ಟರು ಬೆರಳಿಡುವುದೂ ಹೆಚ್ಚುಕಡಿಮೆ ಹಾಗೇ, ಅಲ್ವಾ? ಇದಾಗಿ 1700 ವರ್ಷಕ್ಕೂ ಜಾಸ್ತಿ ಕಳೆದ ಮೇಲೆ ಬಂದ ಗ್ರೀಕ್ ವೈದ್ಯ ಗೇಲನ್ ಪ್ರಾಣಿಗಳನ್ನು ಕೊಯ್ದು ಕಲಿತವನು, ಮನುಷ್ಯನ ಕೆಳದವಡೆಯಲ್ಲಿ ಎರಡು ಮೂಳೆ ಇದೆ ಅಂದ. ಒಂದೇ ಅಂತ ಅಂಗರಚನಾ ತಜ್ಞ ವೆಸಾಲಿಯಸ್ ತನ್ನ ಪುಸ್ತಕದಲ್ಲಿ ತೋರಿಸಿಕೊಟ್ಟದ್ದು 1543ರಲ್ಲಿ.