ಶಿಬಿರದ ಲೆಕ್ಕದ ಪುಸ್ತಕ ವಿದ್ಯಾರ್ಥಿಗಳ ಕೈಗೆ ಕೊಟ್ಟ ಮೇಲೆ

ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆಯ ಕಾರ್ಯಕ್ರಮಾಧಿಕಾರಿ ಅನ್ನುವುದು ನಮ್ಮ ಕಾಲೇಜುಗಳಲ್ಲಿ ಯಾರೂ ಕೇಳಿ ಪಡೆಯುವ ಹುದ್ದೆಯಲ್ಲ. ಹೊಸದಾಗಿ ಸೇರಿದವರ ತಲೆಗೆ ಕಟ್ಟುತ್ತಾರೆ. ನನಗೂ ಹಾಗೇ ಬಂತು. ಬಯಲುಸೀಮೆಯ ಒಂದು ವಿಶ್ವವಿದ್ಯಾಲಯದ ಘಟಕ ಕಾಲೇಜು ನಮ್ಮದು. ಒಂದು ಯೂನಿಟ್‌ನಲ್ಲಿ 100 ಸ್ವಯಂಸೇವಕರು, ಎರಡು ವರ್ಷದಲ್ಲಿ 240 ಗಂಟೆ ಸೇವೆ, ಜೊತೆಗೆ ಹಳ್ಳಿಯಲ್ಲಿ ಏಳು ದಿನದ ವಿಶೇಷ ಶಿಬಿರ. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, ಶುರುವಾದ ಯೋಜನೆ ಇದು.

ಶಿಬಿರ ಹೇಗೆ ನಡೆಯುತ್ತದೆ ಅಂತ ನೋಡಿದವರಿಗೆ ಗೊತ್ತು. ಯಾವ ಊರು, ಯಾವ ಕೆಲಸ, ಸಂಜೆ ಯಾರ ಭಾಷಣ, ಎಲ್ಲವೂ ಸ್ಟಾಫ್ ರೂಮಿನಲ್ಲೇ ತೀರ್ಮಾನವಾಗುತ್ತದೆ. ವಿದ್ಯಾರ್ಥಿಗಳು ಟೋಪಿ ಹಾಕಿಕೊಂಡು ಚರಂಡಿ ಬಳಿಯುತ್ತಾರೆ. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನವರ ಫೈಲಿಗೆ ಫೋಟೋ ಸಿಗುತ್ತದೆ. ಆಮೇಲೆ ನಾವೇ ‘ಈಗಿನ ಹುಡುಗರಿಗೆ ಆಸಕ್ತಿಯೇ ಇಲ್ಲ’ ಅಂತ ಗೊಣಗುತ್ತೇವೆ. ಎಲ್ಲಿಂದ ಬರಬೇಕು ಆಸಕ್ತಿ? ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಂತು ಮೂರು ದಶಕ ದಾಟಿದೆ. ಜಾಸ್ತಿ ಅಂಕ ತೆಗೆದವರೇ ಕ್ಲಾಸ್ ಲೀಡರ್. ಸಭೆ ನಡೆಸುವುದು, ಜಗಳವಾಡಿ ಒಂದು ತೀರ್ಮಾನಕ್ಕೆ ಬರುವುದು, ಇದನ್ನೆಲ್ಲ ಅವರು ಕಲಿಯುವ ಜಾಗವೇ ಇಲ್ಲ.

ನಾನು ಮೊದಲು ಮಾಡಿದ್ದು ಲೆಕ್ಕದ ಪುಸ್ತಕವನ್ನು ಅವರ ಕೈಗೆ ಕೊಟ್ಟಿದ್ದು. ಚೆಕ್ಕಿಗೆ ಸಹಿ ನನ್ನದು, ಪ್ರಾಂಶುಪಾಲರದು, ಅದು ನಿಯಮ. ಆದರೆ ಅನುದಾನ ಎಷ್ಟು, ಅಕ್ಕಿ ಬೇಳೆಗೆ ಎಷ್ಟು, ಶಾಮಿಯಾನಕ್ಕೆ ಎಷ್ಟು ಅಂತ ಮುಂಚೆಯೇ ತೋರಿಸಿದೆ. ವೋಚರ್ ಬರೆಯುವುದು ಇಬ್ಬರು ವಿದ್ಯಾರ್ಥಿಗಳ ಕೆಲಸ. ಖರ್ಚಿನ ಪಟ್ಟಿ ನೋಟಿಸ್ ಬೋರ್ಡಿಗೆ ಹೋಗಬೇಕು. ಮೊದಲ ಸಭೆಯಲ್ಲೇ ಅವರು ಸನ್ಮಾನದ ಶಾಲು, ಹಾರ, ಫಲಕ ಹೊಡೆದುಹಾಕಿದರು. ಸಹೋದ್ಯೋಗಿಗಳು ಮುಖ ಸಿಂಡರಿಸಿದರು. ನನಗಂತೂ ಖುಷಿಯಾಯಿತು.

ಎರಡನೆಯದು, ಸಭೆಯ ಹೊತ್ತು. ಸಂಜೆ ನಾಲ್ಕಕ್ಕೆ ಕರೆದರೆ ಹಳ್ಳಿಯಿಂದ ಬರುವವರು ಬಸ್ಸಿಗೆ ಓಡಬೇಕು, ಉಳಿಯುವುದು ಹಾಸ್ಟೆಲ್ಲಿನವರು ಮಾತ್ರ. ಊಟದ ಬಿಡುವಿಗೆ ಬದಲಾಯಿಸಿದೆವು. ಮೊದಲ ಅರ್ಧ ಗಂಟೆ ನಾನು ಒಳಗೆ ಹೋಗುತ್ತಿರಲಿಲ್ಲ. ಮೇಷ್ಟ್ರು ಕೂತಿದ್ದರೆ ಎಲ್ಲರೂ ‘ಹೌದು ಸರ್’ ಅನ್ನುತ್ತಾರೆ, ಅಲ್ವಾ?

ಶಿಬಿರಕ್ಕೆ ಮುಂಚೆ ಒಂದು ತಂಡ ಊರಿಗೆ ಹೋಗಿ ಜನರನ್ನು ಮಾತಾಡಿಸಿ ಬಂತು. ಅಲ್ಲೊಬ್ಬ ಅಜ್ಜಿ, ‘ನೀವು ಬಳಿದು ಹೋದ ಮಾರನೇ ವಾರ ಚರಂಡಿ ಮತ್ತೆ ತುಂಬುತ್ತೆ ಕಣಪ್ಪಾ, ನನ್ನ ಪಿಂಚಣಿ ಯಾಕೆ ನಿಂತಿದೆ ನೋಡಿ’ ಅಂದರಂತೆ. ಮರುದಿನದ ಸಭೆ ಇದರ ಮೇಲೇ ನಡೆಯಿತು. ಹೊರಗೆ ಕಾರಿಡಾರಿನಲ್ಲಿದ್ದ ನನಗೂ ಜಗಳ ಕೇಳಿಸುತ್ತಿತ್ತು. ‘ಶ್ರಮದಾನ ಇಲ್ಲ ಅಂದ್ರೆ ಅದು ಎನ್‌ಎಸ್‌ಎಸ್ಸೇ ಅಲ್ಲ’ ಅಂತ ಒಬ್ಬ. ‘ಫಾರಂ ತುಂಬೋದು ಶ್ರಮ ಅಲ್ವಾ?’ ಅಂತ ಒಬ್ಬಳು. ಕೊನೆಗೆ ಬೆಳಿಗ್ಗೆ ಕೆರೆ ಏರಿಯ ಜಾಲಿ ಕಡಿಯುವುದು, ಮಧ್ಯಾಹ್ನ ಮನೆಮನೆಗೆ ಹೋಗಿ ಅರ್ಜಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ನೋಡುವುದು ಅಂತಾಯಿತು. ಆ ಅಜ್ಜಿಯ ಖಾತೆಗೆ ಆಧಾರ್ ಜೋಡಣೆಯೇ ಆಗಿರಲಿಲ್ಲ. ಅಂಥವರು ಊರಲ್ಲಿ ಇನ್ನೂ ಇದ್ದರು.

ಶಿಬಿರ ಮುಗಿದರೂ ಕೆಲವರು ಶನಿವಾರ ಆ ಊರಿಗೆ ಹೋಗುವುದನ್ನು ಬಿಡಲಿಲ್ಲ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಪಂಚಾಯಿತಿ ಲೈಬ್ರರಿಯಲ್ಲಿ, ಈಗ ಅದನ್ನು ಅರಿವು ಕೇಂದ್ರ ಅನ್ನುತ್ತಾರೆ, ಮಕ್ಕಳಿಗೆ ಕಥೆ ಓದಿಸುವುದು ಶುರುವಾಯಿತು. ಹೋಗುತ್ತಿದ್ದವರು ಬಹುಪಾಲು ಹುಡುಗಿಯರೇ. ಕಾರಣ ಸರಳ: 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವರಿಗೆ ಸರ್ಕಾರಿ ಬಸ್ ಉಚಿತ. ಹುಡುಗರು ಟಿಕೆಟ್ ಕೊಳ್ಳಬೇಕು. ಉತ್ಸಾಹದ ಬಗ್ಗೆ ನಾವು ಎಷ್ಟೋ ಉಪದೇಶ ಮಾಡುತ್ತೇವೆ, ಬಸ್ ಚಾರ್ಜಿನ ಬಗ್ಗೆ ಯಾರೂ ಕೇಳುವುದಿಲ್ಲ. ಮುಂದಿನ ವರ್ಷದ ಬಜೆಟ್‌ನಲ್ಲಿ ಹುಡುಗಿಯರೇ ಹುಡುಗರ ಬಸ್ ಖರ್ಚು ಬರೆದರು.

ಕಷ್ಟ ಇರುವುದು ಕೈ ಬದಲಾಗುವಾಗ. ಸೆಮಿಸ್ಟರ್ ಪರೀಕ್ಷೆ ಬಂದರೆ ಎಲ್ಲ ನಿಲ್ಲುತ್ತದೆ, ಅಷ್ಟರಲ್ಲಿ ಅಂತಿಮ ವರ್ಷದವರು ಹೊರಟಿರುತ್ತಾರೆ. ಅದಕ್ಕೇ ಪ್ರತಿ ಜವಾಬ್ದಾರಿಗೂ ಒಬ್ಬ ಹಿರಿಯ, ಒಬ್ಬ ಕಿರಿಯ ಅಂತ ಜೋಡಿ ಮಾಡಿದ್ದೇವೆ. ಯಾವ ಕಚೇರಿಯಲ್ಲಿ ಯಾರನ್ನು ಕೇಳಬೇಕು, ಯಾವ ಅಂಗಡಿಯಲ್ಲಿ ಪಾತ್ರೆ ಬಾಡಿಗೆ ಕಡಿಮೆ ಅಂತೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ.

ಈ ಸಲದ ತಂಡ ಬೇರೆ ಊರು ಆರಿಸಿದೆ. ಅಲ್ಲಿ ನೀರಿನ ತೊಂದರೆ ಇದೆ, ನನಗೆ ಅಷ್ಟು ಮನಸ್ಸಿರಲಿಲ್ಲ. ಅವರೇ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ತಿರ ಹೋಗಿ ಟ್ಯಾಂಕರ್ ಒಪ್ಪಿಸಿಕೊಂಡು ಬಂದಿದ್ದಾರೆ. ಅನುಮತಿ ಪತ್ರಕ್ಕೆ ಸಹಿ ಹಾಕಿ ಕೊಟ್ಟಿದ್ದೇನೆ.