ಆರ್ಗನ್ ನುಡಿಸುವವರಿಗೆ ಜೊತೆಗಾರರು ಬೇಕು

ನಾನು ಚರ್ಚಿನಲ್ಲಿ ಆರ್ಗನ್ ನುಡಿಸುತ್ತೇನೆ. ನುಡಿಸುವವರಿಗೆ ಕೇಳುವುದೇ ಬೇರೆ, ಕೊನೆಯ ಬೆಂಚಿಗೆ ಕೇಳುವುದೇ ಬೇರೆ. ಅದಕ್ಕೇ ಪಕ್ಕದ ಚರ್ಚಿನಲ್ಲಿ ನುಡಿಸುವವರನ್ನು ಪರಿಚಯ ಮಾಡಿಕೊಳ್ಳಿ. ಶನಿವಾರ ಸಂಜೆ ಅಭ್ಯಾಸಕ್ಕೆ ಕರೆಯಿರಿ.

ಅವರನ್ನು ಹಿಂದೆ ಕೂರಿಸಿ. ಒಂದೇ ಹಾಡನ್ನು ಮೊದಲು 8 ಅಡಿ ಸ್ಟಾಪಿನಲ್ಲಿ (ಸ್ಟಾಪ್ ಅಂದರೆ ಒಂದು ಬಗೆಯ ದನಿಯನ್ನು ತೆರೆಯುವ ಗುಂಡಿ, ಅಡಿ ಅಂದರೆ ಆ ದನಿಯ ಅತಿ ಉದ್ದದ ಕೊಳವೆಯ ಅಳತೆ) ನುಡಿಸಿ, ಆಮೇಲೆ 4 ಅಡಿಯದನ್ನೂ ಸೇರಿಸಿ. ಅದು ಒಂದು ಸಪ್ತಕ ಮೇಲೆ ನುಡಿಯುತ್ತದೆ, ದನಿಗೆ ಹೊಳಪು ಬರುತ್ತದೆ. ಎಷ್ಟು ಬೇಕು, ಎಲ್ಲಿ ಜಾಸ್ತಿ ಆಯಿತು ಅಂತ ಅವರು ಹೇಳಲಿ. ಈಗ ಜಾಗ ಬದಲಿಸಿ. ಅದೇ ಸ್ಟಾಪುಗಳಲ್ಲಿ ಅವರು ನುಡಿಸಲಿ, ನೀವು ಕೇಳಿ. ಕಾಲಿನಲ್ಲಿ ನುಡಿಸುವ ನನ್ನ ಪೆಡಲಿನ ದನಿ ಹಾಡನ್ನೇ ನುಂಗುತ್ತಿತ್ತು ಅಂತ ನನಗೆ ಗೊತ್ತಾಗಿದ್ದು ಹಾಗೇ. ಅಷ್ಟು ವರ್ಷ ಯಾರೂ ಹೇಳಿರಲಿಲ್ಲ!

ಪೆಡಲಿನ ಮೇಲೆ ಅವರ ಕಾಲನ್ನೂ ನೋಡಿ, ಹಿಮ್ಮಡಿ ಎಲ್ಲಿ, ಪಾದದ ತುದಿ ಎಲ್ಲಿ ಅಂತ. ಸುಮ್ನೆ ಓದಿದರೆ ಇದು ಬರುವುದಿಲ್ಲ.

ಕ್ರಿಸ್‌ಮಸ್‌ಗೆ ಮುಂಚೆಯೇ ಬದಲಿ ಯಾರು ಅಂತ ಮಾತಾಡಿಕೊಳ್ಳಿ. ಜ್ವರ ಹೇಳಿ ಬರುತ್ತದಾ?