ಕಾದಂಬರಿ, ಸಿನಿಮಾ ಹೋಲಿಸುವಾಗ ನಾಲ್ಕನೇ ಕಾಲಂ ತುಂಬಿಸಿ

ಫ್ಯಾಂಟಸಿ ಕಾದಂಬರಿಯನ್ನೂ ಅದರ ಸಿನಿಮಾವನ್ನೂ ಎದುರುಬದುರು ಇಟ್ಟು ಬರೆಯುವವರು ಎಡವುವುದು ಹೆಚ್ಚಾಗಿ ಒಂದೇ ಕಡೆ. ‘ಇದನ್ನು ಬಿಟ್ಟಿದ್ದಾರೆ, ಅದನ್ನು ಬಿಟ್ಟಿದ್ದಾರೆ’ ಎಂಬ ಪಟ್ಟಿಯಲ್ಲೇ ಪುಟ ತುಂಬಿಹೋಗುತ್ತದೆ. ಬಿಟ್ಟ ಭಾಗ ಕಥೆಯಲ್ಲಿ ಏನು ಕೆಲಸ ಮಾಡುತ್ತಿತ್ತು, ಸಿನಿಮಾದಲ್ಲಿ ಆ ಕೆಲಸ ಯಾರ ಹೆಗಲೇರಿತು? ಹೋಲಿಕೆ ಶುರುವಾಗುವುದೇ ಈ ಪ್ರಶ್ನೆಯಿಂದ.

ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಆಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೊಗಲುಗೊಂಬೆಗಳಲ್ಲಿ ದೇವರು, ರಾಜರದು ದೊಡ್ಡ ಅಳತೆ, ಸಾಮಾನ್ಯರದು ಚಿಕ್ಕದು. ಕಾವ್ಯ ಹತ್ತು ಪದ್ಯದಲ್ಲಿ ಹೇಳುವ ಹಿರಿಮೆಯನ್ನು ಪರದೆಯ ಮೇಲೆ ಆ ಅಳತೆಯೇ ಹೇಳಿಬಿಡುತ್ತದೆ.

ಮೊದಲು ಪುಸ್ತಕ ಮುಗಿಸಿ. ಸಿನಿಮಾ ಮೊದಲಾದರೆ ನಟರ ಮುಖ ತಲೆಯಲ್ಲಿ ಕೂತು, ಲೇಖಕರು ಬರೆದ ಚಹರೆ ಕಣ್ಣಿಗೇ ಬೀಳುವುದಿಲ್ಲ. ಸಿನಿಮಾವನ್ನು ಎರಡು ಸಲ ನೋಡಿ: ಒಮ್ಮೆ ನಿಲ್ಲಿಸದೆ, ಇನ್ನೊಮ್ಮೆ ನೋಟ್‌ಬುಕ್ ಹಿಡಿದು. ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಪುಸ್ತಕದ ಪುಟ, ಸಿನಿಮಾದ ನಿಮಿಷ, ಆದ ಬದಲಾವಣೆ, ಆ ಕೆಲಸ ಎಲ್ಲಿಗೆ ಹೋಯಿತು. ಎಷ್ಟು ಹುಡುಕಿದರೂ ನಾಲ್ಕನೆಯದು ಖಾಲಿ ಉಳಿದರೆ ಆಗ ಮಾತ್ರ ‘ಸಿನಿಮಾ ಇದನ್ನು ಕಳೆದುಕೊಂಡಿದೆ’ ಎಂದು ಬರೆಯಿರಿ. ಇಡೀ ಕಥೆ ಬೇಡ, ಮೂರು ದೃಶ್ಯ ಸಾಕು.

ಒಂದನ್ನು ಮಾಡಿಯೇ ನೋಡೋಣ. ಟೋಲ್ಕಿನ್ ಅವರ ‘ದ ಫೆಲೋಶಿಪ್ ಆಫ್ ದ ರಿಂಗ್’ (1954), ಪೀಟರ್ ಜಾಕ್ಸನ್ ನಿರ್ದೇಶನದ ಸಿನಿಮಾ (2001), ಹೊಳೆ ದಾಟುವ ದೃಶ್ಯ. ಪುಸ್ತಕದಲ್ಲಿ ಗ್ಲೋರ್‌ಫಿಂಡೆಲ್ ಎಂಬವನ ಕುದುರೆಯ ಮೇಲೆ, ಮಾಯದ ಉಂಗುರ ಹೊತ್ತ ಕಥಾನಾಯಕ ಫ್ರೋಡೊ ಗಾಯಗೊಂಡು ಒಬ್ಬನೇ ಹೊಳೆ ದಾಟುತ್ತಾನೆ. ಆಚೆ ದಡದಲ್ಲಿ ತಿರುಗಿ ನಿಂತು, ಉಂಗುರವೂ ಸಿಗದು, ನಾನೂ ಸಿಗೆನು ಎಂದು ಉಂಗುರಕ್ಕಾಗಿ ಬೆನ್ನಟ್ಟಿ ಬಂದ ಕರಿಸವಾರರಿಗೆ ಸವಾಲು ಹಾಕುತ್ತಾನೆ. ಅವನ ಕತ್ತಿ ಮುರಿದು ನಡುಗುವ ಕೈಯಿಂದ ಜಾರುತ್ತದೆ. ಸಿನಿಮಾದಲ್ಲಿ ಗ್ಲೋರ್‌ಫಿಂಡೆಲ್ ಇಲ್ಲ, ಆ ಹೊಳೆಯಾಚೆಯ ನಾಡಿನ ಒಡೆಯ ಎಲ್ರಾಂಡ್‌ನ ಮಗಳು ಆರ್ವೆನ್ ಬರುತ್ತಾಳೆ. ಕತ್ತಿ ಹಿರಿದು ಸವಾಲು ಹಾಕುವವಳೂ ಅವಳೇ, ಮಂತ್ರ ಹೇಳಿ ಪ್ರವಾಹ ತರುವವಳೂ ಅವಳೇ. ಪುಸ್ತಕದಲ್ಲಿ ಪ್ರವಾಹ ಎಲ್ರಾಂಡ್‌ನದು. ‘ಗ್ಲೋರ್‌ಫಿಂಡೆಲ್ ಇಲ್ಲ’ ಎಂದು ಬರೆದು ಮುಂದೆ ಹೋದರೆ ಮುಖ್ಯವಾದದ್ದೇ ತಪ್ಪಿತು: ಫ್ರೋಡೊನ ಧೈರ್ಯ ಆರ್ವೆನ್‌ಗೆ ಹೋಗಿದೆ. ಅವಳ ಪಾತ್ರ ಬೆಳೆದಿದೆ, ಅವನು ಹೊತ್ತು ಸಾಗಿಸಬೇಕಾದ ರೋಗಿಯಾಗಿದ್ದಾನೆ. ನಾಲ್ಕನೇ ಕಾಲಂನಲ್ಲಿ ಬರೆಯಬೇಕಾದದ್ದು ಇದನ್ನೇ.

ಕಾಲದ ಲೆಕ್ಕವನ್ನೂ ಹಾಕಿ. ಫ್ರೋಡೊನನ್ನು ಸಾಕಿದ ಬಿಲ್ಬೊನ ಹುಟ್ಟುಹಬ್ಬದಿಂದ ಫ್ರೋಡೊ ಊರು ಬಿಡುವವರೆಗೆ ಪುಸ್ತಕದಲ್ಲಿ 17 ವರ್ಷ. ಸಿನಿಮಾ ಅದನ್ನು ಹೇಳುವುದೇ ಇಲ್ಲ, ಎಲ್ಲವೂ ಅವಸರದಲ್ಲಿ ನಡೆದಂತೆ ಕಾಣುತ್ತದೆ.

ಬಳ್ಳಾರಿ, ರಾಯಚೂರು ಕಡೆಯವರಿಗೆ ತೆಲುಗು, ಹಿಂದಿ ಡಬ್ಬಿಂಗ್ ಹತ್ತಿರ. ಕಥೆ ತಿಳಿಯಲು ಅಡ್ಡಿಯಿಲ್ಲ, ಆದರೆ ಸಂಭಾಷಣೆ ಹೋಲಿಸಬೇಡಿ. ತುಟಿ ಚಲನೆಗೆ ಹೊಂದಿಸಲು ಡಬ್ಬಿಂಗ್‌ನಲ್ಲಿ ಮಾತು ಬದಲಾಗಿರುತ್ತದೆ. ಮೂಲ ಧ್ವನಿ, ಸಬ್‌ಟೈಟಲ್ ಇಟ್ಟುಕೊಳ್ಳಿ.

ಯಾವ ಆವೃತ್ತಿ ನೋಡಿದಿರಿ ಎಂಬುದನ್ನು ಮೊದಲ ಪುಟದಲ್ಲೇ ಬರೆಯಿರಿ. ‘ಫೆಲೋಶಿಪ್’ ಸಿನಿಮಾ ಮೊದಲು ಥಿಯೇಟರಿಗೆ ಬಂದದ್ದು 178 ನಿಮಿಷದ್ದು; ಇನ್ನೂ ಉದ್ದನೆಯ ವಿಸ್ತೃತ ಆವೃತ್ತಿ ಆಮೇಲೆ ಬಂತು. ಕಾಡಿನ ಒಡತಿ ಗ್ಯಾಲಡ್ರಿಯಲ್ ಫ್ರೋಡೊನ ತಂಡದ ಎಲ್ಲರಿಗೂ ಉಡುಗೊರೆ ಕೊಡುವ ದೃಶ್ಯ ವಿಸ್ತೃತ ಆವೃತ್ತಿಯಲ್ಲಿ ಮಾತ್ರ ಇದೆ. ಇದು ಗೊತ್ತಿಲ್ಲದೆ ‘ಉಡುಗೊರೆಗಳನ್ನು ಬಿಟ್ಟಿದ್ದಾರೆ’ ಎಂದು ಬರೆದರೆ, ವಿಸ್ತೃತ ಆವೃತ್ತಿ ನೋಡಿದ ಓದುಗ ನಿಮ್ಮ ಬರಹವನ್ನು ಅಲ್ಲೇ ಮಡಚಿಡುತ್ತಾನೆ.